ಗರಗದ ಎಣ್ಣೆಯೋ, ಮಿನಾಕ್ಸಿಡಿಲೋ? ಹೋಲಿಸಿ ನೋಡುವುದು ಹೀಗೆ

ಹಣೆಯ ಎರಡೂ ಬದಿ ಕೂದಲು ಹಿಂದೆ ಸರಿದಿದೆ, ನೆತ್ತಿ ತೆಳುವಾಗಿದೆ. ಅಮ್ಮ ಗರಗದ ಸೊಪ್ಪು ಹಾಕಿ ಎಣ್ಣೆ ಕಾಯಿಸಿ ಕೊಡುತ್ತಾರೆ. ಚರ್ಮದ ಡಾಕ್ಟರು ಮಿನಾಕ್ಸಿಡಿಲ್ ಎಂಬ ತಲೆಗೆ ಹಚ್ಚುವ ಔಷಧಿ ಬರೆದುಕೊಡುತ್ತಾರೆ. ಎರಡನ್ನೂ ಒಟ್ಟಿಗೆ ಶುರು ಮಾಡಿ, ಎರಡೇ ತಿಂಗಳಿಗೆ ಎರಡನ್ನೂ ಬಿಟ್ಟವರು ನಿಮಗೂ ಗೊತ್ತಿರಬಹುದು, ಅಲ್ವಾ? ಯಾವುದು ಕೆಲಸ ಮಾಡಿತು ಅಂತ ಅವರಿಗೆ ಗೊತ್ತಾಗುವುದೇ ಇಲ್ಲ.

ಮೊದಲು ನಿಮ್ಮದು ಯಾವ ಬಗೆಯ ಉದುರುವಿಕೆ ನೋಡಿ. ಗಂಡಸರ ಸಾಮಾನ್ಯ ಬೋಳು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಡಿಎಚ್‌ಟಿ ಎಂಬ ಹಾರ್ಮೋನಿನಿಂದ ಕೂದಲಿನ ಬುಡ ಕುಗ್ಗುತ್ತಾ ಹೋಗುತ್ತದೆ. ನಾಣ್ಯದಗಲ ತಟ್ಟನೆ ಖಾಲಿಯಾದರೆ, ಜ್ವರ ಬಂದುಹೋದ ಮೇಲೆ ಕೈತುಂಬ ಉದುರಿದರೆ, ಅದು ಬೇರೆ. ಡಾಕ್ಟರಿಗೆ ತೋರಿಸಿ.

ಆಮೇಲೆ ಫೋಟೊ. ಇದನ್ನು ಮಾತ್ರ ಬಿಡಬೇಡಿ. ತಿಂಗಳಿಗೊಮ್ಮೆ, ಒಂದೇ ಜಾಗ, ಒಂದೇ ಬೆಳಕು, ಬೈತಲೆಯೂ ಒಂದೇ ಕಡೆ. ಕೂದಲು ತೊಳೆದು ಒಣಗಿರಲಿ. ಎಣ್ಣೆ ತಲೆಯಲ್ಲಿ ಕೂದಲು ಅಂಟಿಕೊಂಡು ನೆತ್ತಿ ಇನ್ನೂ ಬೋಳಾಗಿ ಕಾಣುತ್ತದೆ. ಕನ್ನಡಿ ಮುಂದಿನ ಅಂದಾಜನ್ನು ನಂಬಬೇಡಿ. ಅದು ದಿನಕ್ಕೊಂದು ತರ ಇರುತ್ತದೆ.

ಇನ್ನು ಆಯ್ಕೆ. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಜಾಸ್ತಿಯಾಯಿತು. ಹಾಗಾಗಿ ಅದನ್ನು ತಲೆಗೆ ಹಚ್ಚುವ ದ್ರವ ಮಾಡಿದರು. ಶೇ 2ರ ದ್ರವಕ್ಕೆ ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಗರಗದ ಸೊಪ್ಪಿನ ಬಗ್ಗೆ 2008ರಲ್ಲಿ ನಮ್ಮ ದೇಶದ ಸಂಶೋಧಕರು ಪ್ರಕಟಿಸಿದ ಫಲಿತಾಂಶ ಚೆನ್ನಾಗಿಯೇ ಇತ್ತು. ಆದರೆ ಹಚ್ಚಿದ್ದು ಇಲಿಗಳಿಗೆ. ಅದೂ ಪೆಟ್ರೋಲಿಯಂ ಈಥರ್ ಎಂಬ ರಾಸಾಯನಿಕ ದ್ರವದಲ್ಲಿ ತೆಗೆದ ಸಾರ, ಅಮ್ಮ ಕಾಯಿಸಿದ ಎಣ್ಣೆಯಲ್ಲ.

ಗಂಡಸರ ಮೇಲೇ ನಡೆದ ಹೋಲಿಕೆಯೂ ಒಂದಿದೆ, ಆದರೆ ಗರಗದ್ದಲ್ಲ, ರೋಸ್‌ಮೇರಿ ಎಂಬ ಪರಿಮಳದ ಗಿಡದ ಎಣ್ಣೆಯದ್ದು. 2015ರಲ್ಲಿ ಪ್ರಕಟವಾದ ಇರಾನಿನ ಪ್ರಯೋಗದಲ್ಲಿ 100 ಜನರಲ್ಲಿ ಅರ್ಧ ಮಂದಿಗೆ ರೋಸ್‌ಮೇರಿ, ಉಳಿದವರಿಗೆ ಶೇ 2ರ ಮಿನಾಕ್ಸಿಡಿಲ್ ಕೊಟ್ಟರು. ಮೂರನೇ ತಿಂಗಳಲ್ಲಿ ಯಾರಿಗೂ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಆರನೇ ತಿಂಗಳಿಗೆ ಎರಡೂ ಗುಂಪಿನಲ್ಲಿ ಸ್ವಲ್ಪ ಹೆಚ್ಚಳ, ಹೆಚ್ಚೂಕಮ್ಮಿ ಸಮ. ‘ರೋಸ್‌ಮೇರಿ ಗೆದ್ದಿತು’ ಎನ್ನುವವರು ಇದನ್ನೇ ತೋರಿಸುತ್ತಾರೆ. ಆದರೆ ಏನೂ ಔಷಧಿ ಇಲ್ಲದ ದ್ರವ ಹಚ್ಚಿದ ಮೂರನೇ ಗುಂಪು ಅಲ್ಲಿರಲಿಲ್ಲ, ಹಾಗಾಗಿ ಆ ಹೆಚ್ಚಳ ಹಚ್ಚಿದ್ದರಿಂದಲೇ ಬಂತು ಅಂತ ಹೇಳಲಾಗದು. ಅಲ್ಲದೆ ಈಗ ಗಂಡಸರಿಗೆ ಸಾಮಾನ್ಯವಾಗಿ ಕೊಡುವ ಮಿನಾಕ್ಸಿಡಿಲ್ ಶೇ 5ರದ್ದು. ಅದು ಶೇ 2ಕ್ಕಿಂತ ಚುರುಕು.

ಆದ್ದರಿಂದ ನನ್ನ ಸಲಹೆ: ಮಿನಾಕ್ಸಿಡಿಲ್ ಒಂದನ್ನೇ ಮೊದಲು ನೋಡಿ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಒಣ ತಲೆಗೆ, ಕೂದಲಿಗಲ್ಲ, ಬುಡಕ್ಕೆ 1 ಮಿಲಿಲೀಟರ್, ದಿನಕ್ಕೆರಡು ಸಲ. ಹಚ್ಚಿದ ಮೇಲೆ ಕೈ ತೊಳೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ಹತ್ತಿರ ಬಿಡಬೇಡಿ, ಅದಕ್ಕೆ ಇದು ವಿಷ. ತಲೆಸುತ್ತು, ಎದೆಬಡಿತ ಬಂದರೆ ನಿಲ್ಲಿಸಿ.

ಮೊದಲ ಎರಡು ತಿಂಗಳಲ್ಲಿ ಉದುರುವುದು ಜಾಸ್ತಿಯಾಗಬಹುದು. ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುತ್ತಿರುತ್ತದೆ. ಸುಮ್ನೆ ಹೆದರಿ ಬಿಡಬೇಡಿ, ತುಂಬ ಜನ ಸೋಲುವುದು ಇಲ್ಲೇ.

ಆರು ತಿಂಗಳಾದ ಮೇಲೆ ಮೊದಲ ಮತ್ತು ಕೊನೆಯ ಫೋಟೊ ಪಕ್ಕಪಕ್ಕ ಇಟ್ಟು, ನಿಮ್ಮ ತಲೆಯ ಚಿಂತೆ ಇಲ್ಲದ ಯಾರಿಗಾದರೂ ತೋರಿಸಿ. ಯಾವುದು ಮೊದಲಿನದು ಅಂತ ಹೇಳಬೇಡಿ. ಉಪಯೋಗವಾಗಿದ್ದರೆ ಮುಂದುವರಿಸಬೇಕು, ಬಿಟ್ಟರೆ ಬಂದ ಕೂದಲು ಮೂರು ನಾಲ್ಕು ತಿಂಗಳಲ್ಲಿ ಹೋಗುತ್ತದೆ. ಹಾಗಾಗಿ ತಿಂಗಳ ಖರ್ಚಿನ ಲೆಕ್ಕವನ್ನು ಮೊದಲ ಬಾಟಲಿ ತರುವ ದಿನವೇ ಹಾಕಿಕೊಳ್ಳಿ.