ಮಳೆಗಾಲದ ಮಂಗಳೂರಿನಲ್ಲಿ ಪಾಲಿಮರ್ ಗುಳ್ಳೆ ಕೊಳವೆಯಾಗದಿದ್ದಾಗ

ಪಿಇಜಿ-ಪಿಡಿಎಲ್‌ಎಲ್‌ಎ ಎಂಬ ಪಾಲಿಮರಿನ ಪೊರೆಯುಳ್ಳ, ಒಳಗೆ ನೀರಿರುವ ಅತಿಸಣ್ಣ ಗುಳ್ಳೆಗಳನ್ನು 50 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ (ಉಪ್ಪು) ದ್ರಾವಣದಲ್ಲಿ ಡಯಾಲಿಸಿಸ್‌ಗೆ, ಅಂದರೆ ಸಣ್ಣ ಅಣುಗಳಷ್ಟೇ ದಾಟುವ ಚೀಲದಲ್ಲಿ ಮುಳುಗಿಸಿ, ಇಟ್ಟರೆ ಅವು ಕೊಳವೆಯಾಗಿ ಉದ್ದವಾಗಬೇಕು. ಮಳೆಗಾಲದಲ್ಲಿ ಮಾತ್ರ ಗುಂಡು, ಕೊಳವೆ ಎರಡೂ ಬೆರೆತು ಬರುತ್ತಿದ್ದವು. ಪಾಲಿಮರನ್ನು ಅನುಮಾನಿಸುವ ಮೊದಲು ಉಪ್ಪಿನ ಬಾಟಲಿ ನೋಡಿ.

ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಈ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ನಮ್ಮ ಕರಾವಳಿಯ ಜುಲೈಯಲ್ಲಿ ಅದು ಸಾಮಾನ್ಯ. 50 ಮಿಲಿಮೋಲಾರ್‌ಗೆಂದು ಲೀಟರಿಗೆ 2.92 ಗ್ರಾಂ ತೂಗಿದರೂ ಅದರಲ್ಲಿ ಒಂದಷ್ಟು ನೀರೇ. ಹೊರಗಿನ ದ್ರಾವಣ ತೆಳುವಾದರೆ ಗುಳ್ಳೆಯೊಳಗಿನ ನೀರು ಸಾಕಷ್ಟು ಹೊರಬರುವುದಿಲ್ಲ. ಒಳಗಿನ ಗಾತ್ರ ಕುಗ್ಗದೆ ಆಕಾರ ಬದಲಾಗದು.

ಉಪ್ಪನ್ನು 110 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ತಣಿಸಿ ತೂಗಿದ ಮೇಲೆ ಸರಿಹೋಯಿತು. ತಕ್ಕಡಿಗಿಂತ ದ್ರಾವಣದ ವಿದ್ಯುತ್ ವಾಹಕತೆಯನ್ನು ನಂಬುವುದು ಒಳ್ಳೆಯದು: 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ ಸುಮಾರು 5.5 ಮಿಲಿಸೀಮೆನ್ಸ್ ಬರಬೇಕು. ನೀರು ಡಿಅಯಾನೈಸ್ಡ್ (ಲವಣಾಂಶ ತೆಗೆದದ್ದು) ಆಗಿರಲಿ. ಕಡಲಂಚಿನ ಬಾವಿನೀರಲ್ಲಿ ಬೇಸಿಗೆಗೆ ಉಪ್ಪಿನಂಶ ಏರುತ್ತದೆ.

ಉಳಿದದ್ದು ಹಳೆಯ ಕ್ರಮವೇ. 20 ಮಿಲಿಗ್ರಾಂ ಪಾಲಿಮರ್, 4:1 ಟಿಎಚ್‌ಎಫ್-ಡಯಾಕ್ಸೇನ್ ದ್ರಾವಕ 2 ಮಿಲಿಲೀಟರ್, ಅದಕ್ಕೆ ಗಂಟೆಗೆ 1 ಮಿಲಿಲೀಟರಿನಂತೆ 2 ಮಿಲಿಲೀಟರ್ ನೀರು. ಡಯಾಲಿಸಿಸ್ ದ್ರಾವಣ 1 ಲೀಟರ್, ಮೊದಲೇ ಫ್ರಿಜ್‌ನಲ್ಲಿ ತಣಿಸಿದ್ದು. ಒಂದು ಗಂಟೆಯ ನಂತರ ಬದಲಿಸಿ, 24 ಗಂಟೆ ತಂಪಿನಲ್ಲೇ ಬಿಡಿ. ದ್ರಾವಕ ಹೊರಹೋದಂತೆ ಪೊರೆ ಬಿಗಿಯಾಗಿ ಆಕಾರ ಉಳಿಯುತ್ತದೆ.

ಫಲಿತಾಂಶ ನೋಡಲು ಕ್ರಯೋ-ಟಿಇಎಂ (ಮಾದರಿಯನ್ನು ಹೆಪ್ಪುಗಟ್ಟಿಸಿ ನೋಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಬೇಕು. ಒಣಗಿಸಿದ ಗ್ರಿಡ್‌ನಲ್ಲಿ ಗುಂಡು ಗುಳ್ಳೆಗಳೂ ಕುಸಿದು ಬಟ್ಟಲಿನಂತೆ ಕಾಣುತ್ತವೆ.