40 ಎಲೆಯ ಅಡಿಗೆಯನ್ನು 5 ಎಲೆಗೆ ಇಳಿಸಿದ ಚೌತಿ

ಉಪ್ಪು ಎಷ್ಟು ಹಾಕಲಿ ಎಂದು ಕೇಳಿದರೆ ಆಯಿ, ಅಂದರೆ ನನ್ನ ಅಮ್ಮ, ಹೇಳಿದ್ದು ಒಂದೇ ಮಾತು. "ಹದಾ ನೋಡಿ ಹಾಕು ತಮಾ." ಹಾಗಾದರೆ ಒಂಚೂರು ರುಚಿ ನೋಡಲಾ ಎಂದೆ. ಕೈಗೆ ಪ್ಲಾಸ್ಟರ್ ಇಲ್ಲದಿದ್ದರೆ ಎರಡು ಬಿಗಿಯುತ್ತಿದ್ದಳೋ ಏನೋ. ಚೌತಿ ದಿನದ ಅಡಿಗೆ ಅದು. ಗಣಪತಿಗೆ ನೈವೇದ್ಯ ಆಗುವ ತನಕ ಯಾವುದನ್ನೂ ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ. ಅಂದರೆ ಮೊದಲ ಸಲ ಹಬ್ಬದ ಅಡಿಗೆ ಮಾಡುವವನು ರುಚಿ ನೋಡದೆ, ಅಳತೆ ಗೊತ್ತಿಲ್ಲದೆ, ಬರೀ ಹದ ನೋಡಿ ಮಾಡಬೇಕು.

ಮನೆ ಹಿಸ್ಸೆ ಆಗಿ ಬೇರೆಯಾದ ಮೇಲೆ ನಮ್ಮದೇ ಗಣಪತಿ ತಂದ ಮೊದಲ ವರ್ಷ. ಅಲ್ಲಿಯವರೆಗೆ ಚೌತಿ ಎಂದರೆ ಹಳ್ಳಿಯ ದೊಡ್ಡಮನೆ, 40 ಎಲೆ, ನಾಲ್ಕು ಜನ ಅತ್ತಿಗೆಯರು, ನನ್ನ ಕೆಲಸ ಬಾಳೆ ಎಲೆ ಒರೆಸುವುದು. ಈಗ ಶಿರಸಿ ಪೇಟೆಯ ಮನೆ, ಎರಡು ಬರ್ನರ್ ಒಲೆ, 5 ಎಲೆ. ಆಯಿ ಹಬ್ಬಕ್ಕೆ ಹತ್ತು ದಿನ ಇರುವಾಗ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಹೆಂಡತಿ ಹೊರಗೆ ಕೂತಳು. ಈ ಪದ್ಧತಿ ಬಗ್ಗೆ ನನಗೂ ಅವಳಿಗೂ ಒಂದು ಅಭಿಪ್ರಾಯ, ಅಪ್ಪಯ್ಯನಿಗೆ ಇನ್ನೊಂದು. ಹಬ್ಬದ ಎದುರಿಗೆ ವಾದ ಬೇಡ ಎಂದು ಬಿಟ್ಟೆವು. ಅಪ್ಪಯ್ಯನಿಗೆ ಪೂಜೆ, ಮಗಳಿಗೆ ಮಂಟಪ. ಉಳಿದವನು ನಾನು.

ರಾತ್ರಿ ನೋಟ್‌ಬುಕ್ ಹಿಡಿದು ಆಯಿಯ ಹತ್ತಿರ ಕೂತೆ. ಅವಳ ತಲೆಯಲ್ಲಿ ಇದ್ದದ್ದೆಲ್ಲ 40 ಎಲೆಯ ಲೆಕ್ಕ. ಬೇಳೆ ಇಷ್ಟು ಸೇರು, ಬೆಲ್ಲ ಇಷ್ಟು ಅಚ್ಚು, ಕಾಯಿ ಹತ್ತು. 5 ಎಲೆಗೆ ಎಷ್ಟು ಎಂದರೆ, "ಅಳತೆ ಎಂತಕ್ಕೆ, ಕಣ್ಣಿಲ್ಯ ನಿಂಗೆ?" ಸರಿ, ಎಲ್ಲವನ್ನೂ ಎಂಟರಿಂದ ಭಾಗಿಸುವುದು ಎಂದು ತೀರ್ಮಾನ ಮಾಡಿದೆ.

ಕಾಯಿಯ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಬಂತು. ನಮ್ಮ ಕಡೆ ಹಬ್ಬದ ಅಡಿಗೆ ಎಂದರೆ ಕಾಯಿ ಹಂಚುವ ಕೆಲಸ, ಅಲ್ವಾ? ದೊಡ್ಡ ಕಾಯಿ ಒಂದನ್ನು ತುರಿದರೆ ಸುಮಾರು ಎರಡೂವರೆ ಕಪ್ ಆಗುತ್ತದೆ. ಕಡಬಿನ ಹೂರಣಕ್ಕೆ ಒಂದೂವರೆ ಕಪ್, ಹುಳಿಗೆ ಅರ್ಧ, ಹಶಿಗೆ (ಮೊಸರು ಬಜ್ಜಿಯಂಥದ್ದು) ಅರ್ಧ, ಪಲ್ಯಕ್ಕೂ ಕೋಸಂಬರಿಗೂ ಒಂದೊಂದು ಮುಷ್ಟಿ. ಒಂದು ಕಾಯಿ ಮುಗಿದು ಇನ್ನೊಂದರ ಅರ್ಧ ಕಡಿ ಹೋಯಿತು. ಪಂಚಕಜ್ಜಾಯಕ್ಕೆ ಮಾತ್ರ ಒಣಕೊಬ್ಬರಿ. ಹಸಿ ಕಾಯಿ ಹಾಕಿದರೆ ಮರುದಿನಕ್ಕೇ ವಾಸನೆ ಬರುತ್ತದೆ, ಗಣಪತಿ ನೋಡಲು ಬಂದವರಿಗೆ ಕೊಡುವುದು ಹೇಗೆ? ಪೂಜೆಯಲ್ಲಿ ಒಡೆಯುವ ಕಾಯಿಯನ್ನೂ ನಾನು ಲೆಕ್ಕಕ್ಕೆ ಹಿಡಿದಿದ್ದೆ. ಅದು ಕೈಗೆ ಸಿಗುವಷ್ಟರಲ್ಲಿ ಅಡಿಗೆ ಮುಗಿದಿರಬೇಕು ಎನ್ನುವುದನ್ನು ಆಯಿಯೇ ನೆನಪು ಮಾಡಿದಳು.

ಪಂಚಕಜ್ಜಾಯ ರಾತ್ರಿಯೇ ಆಯಿತು. ಒಂದು ಕಪ್ ಕಡಲೆಬೇಳೆಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಆರಿದ ಮೇಲೆ ರವೆಯ ಹಾಗೆ ಪುಡಿ ಮಾಡಿದೆ. ಮುಕ್ಕಾಲು ಕಪ್ ಬೆಲ್ಲದ ಪಾಕ, ಅರ್ಧ ಕಪ್ ಕೊಬ್ಬರಿ, ಹುರಿದ ಎಳ್ಳು, ಏಲಕ್ಕಿ, ಒಂದು ಚಮಚ ತುಪ್ಪ. ಇದರಲ್ಲಿ ಹಾಳಾಗುವಂಥದ್ದು ಏನೂ ಇಲ್ಲ, ಬೇಳೆ ಕರಟದಿದ್ದರೆ ಆಯಿತು. ಹೊಸಬರು ಇದರಿಂದ ಶುರು ಮಾಡಿದರೆ ಧೈರ್ಯ ಬರುತ್ತದೆ. ಚಕ್ಕುಲಿಯ ಆಸೆ ಬಿಟ್ಟೆ. ನಮ್ಮ ಸೀಮೆಯ ಕೈಚಕ್ಕುಲಿ ಸುತ್ತುವುದಕ್ಕೆ ವರ್ಷಗಟ್ಟಲೆ ಪಳಗಿದ ಬೆರಳು ಬೇಕು, ನನ್ನದು ಕೀಬೋರ್ಡಿನ ಬೆರಳು. ಪಕ್ಕದ ಮನೆ ಅಕ್ಕ ಒಂದು ಡಬ್ಬಿ ತುಂಬ ಕೊಟ್ಟಿದ್ದರು.

ಬೆಳಿಗ್ಗೆ ಆರಕ್ಕೆ ಮಿಂದು ಒಲೆ ಹಚ್ಚಿದೆ. ಮಳೆಗಾಲದಲ್ಲಿ ಕರೆಂಟ್ ನಂಬಿ ಕೂರುವ ಹಾಗಿಲ್ಲ. ಬೀಸುವುದೆಲ್ಲ ಎಂಟರೊಳಗೆ ಮುಗಿಯಬೇಕು ಎಂದು ಹೆಂಡತಿ ಹೇಳಿದ್ದಳು. ಹೇಳಿದ್ದು ಆಚೆ ಕೋಣೆಯಿಂದ, ವಾಟ್ಸಾಪ್ ವಿಡಿಯೋ ಕಾಲಿನಲ್ಲಿ. ಒಂದೇ ಮನೆಯೊಳಗೆ ಹತ್ತು ಮಾರು ದೂರದಿಂದ. ಇತ್ತ ಕುರ್ಚಿಯ ಮೇಲೆ ಆಯಿ. ಒಬ್ಬಳು ಒಗ್ಗರಣೆ ಈಗಲೇ ಹಾಕು ಎಂದರೆ ಇನ್ನೊಬ್ಬಳು ಆಮೇಲೆ ಎನ್ನುತ್ತಿದ್ದಳು. ಒಂಬತ್ತರ ಹೊತ್ತಿಗೆ ಫೋನ್ ಚಾರ್ಜ್ ಇಲ್ಲ ಎಂದು ಸುಳ್ಳು ಹೇಳಿದೆ.

ಎಂಟರ ಭಾಗಾಕಾರ ಮೊದಲು ಕೈಕೊಟ್ಟದ್ದು ಮಿಕ್ಸಿಯಲ್ಲಿ. ಹಶಿಗೆಂದು ಅರ್ಧ ಕಪ್ ಕಾಯಿಯನ್ನು ದೊಡ್ಡ ಜಾರಿಗೆ ಹಾಕಿದರೆ ಎಲ್ಲ ಗೋಡೆಗೆ ಅಂಟಿಕೊಂಡು ಕೂತಿತು, ಬ್ಲೇಡು ಖಾಲಿ ತಿರುಗುತ್ತಿತ್ತು. ಚಟ್ನಿ ಜಾರೇ ಬೇಕು. ಸಾಸಿವೆಯನ್ನು ಕೊನೆಗೆ ಹಾಕಿ ಒಂದೆರಡು ಸುತ್ತು ಮಾತ್ರ ತಿರುಗಿಸಬೇಕು, ಜಾಸ್ತಿ ಬೀಸಿದರೆ ಕಹಿ. ಹುರಿದ ಬೆಂಡೆಕಾಯಿಗೆ ಇದನ್ನು ಕಲಸಿ ಇಟ್ಟೆ. ಮೊಸರು ಬಡಿಸುವ ಹೊತ್ತಿಗೆ.

ಎರಡನೆಯದು ನೀರು. ದೊಡ್ಡ ಪಾತ್ರೆಯಲ್ಲಿ ಹುಳಿ ಗಂಟೆಗಟ್ಟಲೆ ಕುದಿದರೂ ಹೆಚ್ಚು ಬತ್ತುವುದಿಲ್ಲ. ಸಣ್ಣ ಪಾತ್ರೆಯಲ್ಲಿ ಹತ್ತು ನಿಮಿಷ ಬಿಟ್ಟರೆ ಮುದ್ದೆ. ಎರಡು ಸಲ ಬಿಸಿನೀರು ಸೇರಿಸಿದೆ. ಮುಕ್ಕಾಲು ಕಪ್ ತೊಗರಿಬೇಳೆಗೆ ಕೊನೆಗೆ ಒಂದೂಕಾಲು ಲೀಟರ್ ಹುಳಿ ನಿಂತಿತು, ಅದಕ್ಕೆ ಎರಡು ಸಣ್ಣ ಚಮಚ ಉಪ್ಪು. ನೀರು ಸೇರಿಸುವುದೆಲ್ಲ ಮುಗಿದ ಮೇಲೆಯೇ ಉಪ್ಪು ಹಾಕಬೇಕು ಎನ್ನುವುದು ರುಚಿ ನೋಡಲಾಗದವನು ಕಲಿತದ್ದು. ಆಯಿ ಪಾತ್ರೆಯ ಮೇಲೆ ಬಗ್ಗಿ ಮೂಸಿ, ಸರಿ ಇದೆ ಎಂದಳು. ಮೂಸಿ ಉಪ್ಪು ಹೇಳುವುದು ಹೇಗೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಂದಹಾಗೆ ಹುಳಿಗೆ ಎಂದು ಮೊಗೆಕಾಯಿ (ಮಂಗಳೂರು ಸೌತೆ) ತಂದಿಟ್ಟಿದ್ದೆ. ಹೋಳು ಮಾಡಲು ನೋಡಿದರೆ ಇಲ್ಲ. ಮಗಳು ಅದನ್ನು ಹಣ್ಣು ಕಾಯಿ ತೂಗುವ ಫಲಾವಳಿಗೆ ಕಟ್ಟಿ, ಗಣಪತಿಯ ತಲೆಯ ಮೇಲೆ ಅಡಿಕೆ ಸಿಂಗಾರದ ಪಕ್ಕ ತೂಗಿಬಿಟ್ಟಿದ್ದಳು. "ಅಪ್ಪಾ, ಅದು ದೇವರದ್ದಾತು, ತೆಗೆಯುವ ಹಾಗಿಲ್ಲೆ." ಅಪ್ಪಯ್ಯನೂ ಅವಳ ಪಕ್ಷ. ಕೋಸಂಬರಿಯ ಸೌತೆಕಾಯಿಯಲ್ಲಿ ಅರ್ಧ ಹುಳಿಗೆ ಬಂತು. ಕೋಸಂಬರಿಯಲ್ಲಿ ಹೆಸರುಬೇಳೆಯೇ ಮೆರೆಯಿತು.

ಹೆಚ್ಚು ಹೊತ್ತು ತಿಂದದ್ದು ಕಡಬು. 21 ಬೇಕು. ಒಂದೂವರೆ ಕಪ್ ಅಕ್ಕಿಹಿಟ್ಟು, ಎರಡು ಕಪ್ಪಿಗೆ ಸ್ವಲ್ಪ ಕಡಿಮೆ ನೀರು, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ. ನೀರು ಮರಳುವಾಗ ಹಿಟ್ಟು ಸುರಿದು, ಮಗುಚಿ, ಮುಚ್ಚಿಟ್ಟೆ. ಕೈ ಸುಡುತ್ತದೆ ಎಂದು ಆರುವ ತನಕ ಕಾದೆ. ಅದೇ ತಪ್ಪು. ಆರಿದ ಹಿಟ್ಟನ್ನು ಎಷ್ಟು ನಾದಿದರೂ ತಟ್ಟುವಾಗ ಅಂಚು ಬಿರಿಯಿತು. ಮೊದಲ ಆರು ಕಡಬು ಹಬೆಯಲ್ಲಿ ಬಾಯಿ ಬಿಟ್ಟು ಹೂರಣವನ್ನೆಲ್ಲ ಕೆಳಗೆ ಇಳಿಸಿದವು. ಉಳಿದ ಹಿಟ್ಟನ್ನು ಮತ್ತೆ ಐದು ನಿಮಿಷ ಹಬೆಗೆ ಇಟ್ಟೆ. ಕೈಗೆ ತಣ್ಣೀರು ಮುಟ್ಟಿಸಿಕೊಳ್ಳುತ್ತ ಬಿಸಿ ಇರುವಾಗಲೇ ನಾದಿದೆ. ಆಗ ಬೆಣ್ಣೆಯ ಹಾಗೆ ಬಂತು. ಹೂರಣದಲ್ಲೂ ಒಂದು ವಿಷಯ ಇದೆ. ಕಾಯಿ ಬೆಲ್ಲ ಪೂರ್ತಿ ಗಟ್ಟಿಯಾಗುವ ತನಕ ಕಾಯಿಸಬಾರದು, ಸ್ವಲ್ಪವೇ ಇರುವಾಗ ಬಾಣಲೆ ಇಳಿಸಿದ ಮೇಲೂ ಅದು ಬಿಗಿಯುತ್ತಲೇ ಹೋಗುತ್ತದೆ. ಇನ್ನೂ ತುಸು ಸಡಿಲ ಎನ್ನುವಾಗಲೇ ಒಲೆ ಆರಿಸಿ.

ಉಳಿದ ಹಿಟ್ಟನ್ನು ಹೇಗೋ 15 ಕಡಬಿಗೆ ಎಳೆದೆ. ಕೊನೆಯ ನಾಲ್ಕು ಗೋಲಿಯಷ್ಟು. ಅಪ್ಪಯ್ಯ ಎಣಿಸಿದ. ಸಣ್ಣದೋ ದೊಡ್ಡದೋ ಎಂದು ಕೇಳಲಿಲ್ಲ. ಒಡೆದ ಆರರಲ್ಲಿ ಎರಡನ್ನು ಹೊಲಿದ ಹಾಗೆ ಮುಚ್ಚಿ ಹಿಂದೆ ಇಟ್ಟಿದ್ದೆ. ಎಲ್ಲಾ ಸೇರಿ 17. ಉಳಿದದ್ದಕ್ಕೆ ನಾಲ್ಕು ಬೆಲ್ಲದ ಚೂರು ಇಟ್ಟು ಲೆಕ್ಕ ಚುಕ್ತಾ ಮಾಡಿದ. ಅಪ್ಪಯ್ಯನಿಂದ ಇಂಥದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

ಮಂಗಳಾರತಿ ಆಗಿ ಎಲೆ ಹಾಕುವಾಗ ಒಂದೂಕಾಲು. ನಾಲ್ಕು ಎಲೆ ಊಟದ ಮನೆಯಲ್ಲಿ, ಒಂದು ಆಚೆ ಕೋಣೆಯಲ್ಲಿ. ಹುಳಿ ಚೆನ್ನಾಗಿದೆ ಎಂದು ಅಪ್ಪಯ್ಯ ಎರಡನೇ ಸಲ ಹಾಕಿಸಿಕೊಂಡ. ಹಶಿಯೂ ಖಾಲಿ. ಕೊನೆಗೆ ಮಾವಿನಕಾಯಿಯ ತಿಳಿಸಾರು, ಅಪ್ಪೆಹುಳಿ ಬಂತು. ಮೊದಲ ಗುಟುಕಿಗೇ ಮಗಳ ಮುಖ ಕಿವುಚಿತು.

ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿಯನ್ನು ಹಿಂಡಿ ಮಾಡಿದ್ದು. ಮಿಡಿಯ ತುಂಬ ಉಪ್ಪೇ. ನಾನು ನೋಟ್‌ಬುಕ್ ನೋಡಿ ಎಂಟರಿಂದ ಭಾಗಿಸಿದ ಉಪ್ಪನ್ನು ಮೇಲೆ ಬೇರೆ ಸುರಿದಿದ್ದೆ. ಆ ಲೆಕ್ಕ ಬೇಸಿಗೆಯ ಹಸಿ ಮಾವಿನಕಾಯಿಯ ಅಪ್ಪೆಹುಳಿಯದಂತೆ. "ಉಪ್ಪಿನ ಮಿಡಿ ಹೇಳಿ ನಿಂಗೆ ಗೊತ್ತಿಲ್ಯನ?" ಎಂದಳು ಆಯಿ. ಆಚೆ ಕೋಣೆಯಿಂದ ನಗು ಕೇಳಿತು. "ಗಣಪತಿ ಇದನ್ನೇ ಉಂಡಿದ್ದಾ?" ಎಂದು ಮಗಳು.

ಅದು ಕುದಿಸುವ ಪದಾರ್ಥ ಅಲ್ಲ, ಹಾಗಾಗಿ ಸರಿಮಾಡುವುದು ಸುಲಭ. ಒಂದು ಚೊಂಬು ನೀರು ಹೊಯ್ದೆ. ಇನ್ನೂ ಉಪ್ಪು. ಇನ್ನೊಂದು ಚೊಂಬು. ಖಾರ ಸಾಲದಾಯಿತು ಎಂದು ಹಸಿಮೆಣಸು ನುರಿದು ಹಾಕಿದೆ, ಹುಳಿ ಸಾಲದು ಎಂದು ಮತ್ತೆರಡು ಮಿಡಿ ಹಿಂಡಿದೆ, ಅದರ ಉಪ್ಪಿಗೆ ಮತ್ತೆ ನೀರು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಎರಡನೇ ಸಲ. ರುಚಿ ಕೂತಾಗ ಪಾತ್ರೆ ಬದಲಾಗಿತ್ತು, ನೀರು ಕಾಯಿಸುವ ದೊಡ್ಡ ಪಾತ್ರೆಗೆ ಬಂದಿತ್ತು. 40 ಎಲೆಗೆ ಸಾಕು.

ಸಂಜೆ ಮಳೆ ಹೊಳವಾಯಿತು. ಕೇರಿಯ ಮಕ್ಕಳು ಗಣಪತಿ ಎಣಿಸುತ್ತ ಮನೆಮನೆ ಸುತ್ತಿ ಬಂದರು. ಅವರಿಗೆ ಪಂಚಕಜ್ಜಾಯ, ಚಕ್ಕುಲಿ. ದೊಡ್ಡವರಿಗೆ ಒಂದೊಂದು ಲೋಟ ಅಪ್ಪೆಹುಳಿ. ಯಾರೂ ಬೇಡ ಎನ್ನಲಿಲ್ಲ. ಚಕ್ಕುಲಿ ಕೊಟ್ಟ ಅಕ್ಕ ಎರಡು ಲೋಟ ಕುಡಿದು, ಹೋಗುವಾಗ ತಮ್ಮ ಖಾಲಿ ಡಬ್ಬಿಯಲ್ಲಿ ತುಂಬಿಸಿಕೊಂಡೂ ಹೋದರು.