ಲಿವರ್ ರೋಗಿಗೆ ನಿದ್ದೆ ಮಾತ್ರೆ ಬರೆಯುವ ಮುಂಚೆ

ನಾನು ಪಿಜಿ ಓದುತ್ತಿದ್ದಾಗಿನ ಮಾತು. ನೈಟ್ ಡ್ಯೂಟಿ ಇತ್ತು. ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ರೋಗ ಆಗಿ ಹೊಟ್ಟೆಯಲ್ಲಿ ನೀರು ತುಂಬಿದ್ದ ರೋಗಿಯ ಹೆಂಡತಿ ಬಂದು, "ಡಾಕ್ಟ್ರೇ, ಮೂರು ರಾತ್ರಿಯಿಂದ ಇವರು ಕಣ್ಣು ಮುಚ್ಚಿಲ್ಲ. ಹಗಲೆಲ್ಲ ತೂಕಡಿಸ್ತಾರೆ. ಒಂದು ನಿದ್ದೆ ಮಾತ್ರೆ ಕೊಡಿ" ಎಂದರು. ಡಯಾಜೆಪಾಮ್ 5 ಮಿ.ಗ್ರಾಂ ಬರೆದೆ. ಬೆಳಗ್ಗೆ ರೌಂಡ್ಸಿಗೆ ಹೋದಾಗ ಅವರು ಏಳಲಿಲ್ಲ. ಜೋರಾಗಿ ಅಲುಗಿಸಿದರೆ ಮಾತ್ರ ನರಳುತ್ತಿದ್ದರು. ಮಲ ಸಡಿಲಿಸಿ ಮಿದುಳಿಗೆ ಮಂಕು ತರುವ ವಿಷ ಹೊರಹಾಕುವ ಲ್ಯಾಕ್ಟುಲೋಸ್ ಸಿರಪ್ಪನ್ನು ಮೂಗಿನ ಟ್ಯೂಬಿನಲ್ಲಿ ಕೊಟ್ಟು, ಎನಿಮಾ ಹಾಕಿ, ಎರಡು ದಿನ ಕಾದೆವು. ಮೂರನೇ ದಿನ ಅವರು ಕಾಫಿ ಕೇಳಿದರು. ಆಗ ನನಗೆ ಜೀವ ಬಂತು.

ಆ ತಾಯಿ ಹೇಳಿದ್ದರಲ್ಲೇ ಎಲ್ಲ ಇತ್ತು, ಅಲ್ವಾ? ರಾತ್ರಿ ಎಚ್ಚರ, ಹಗಲು ತೂಕಡಿಕೆ. ಲಿವರ್ ಸೋತು ಮಿದುಳಿಗೆ ಮಂಕು ಕವಿಯುವ ಹೆಪಾಟಿಕ್ ಎನ್ಸೆಫಲೋಪತಿ ಶುರುವಾಗುವಾಗ ಹೀಗಾಗುತ್ತದೆ. ನಾನು ಅದನ್ನು ಬರೀ ನಿದ್ದೆಗೇಡು ಅಂದುಕೊಂಡೆ.

ಡಯಾಜೆಪಾಮನ್ನು ಕರಗಿಸುವುದು ಲಿವರ್. ಸಿರೋಸಿಸ್ ಇದ್ದರೆ ಅದು ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಅದು ಒಡೆದು ಆಗುವ ಪದಾರ್ಥಕ್ಕೂ ಮಂಪರು ಬರಿಸುವ ಗುಣ ಇದೆ. ಅದೇ ಗುಂಪಿನ ಕ್ಲೋರ್ಡಯಾಜೆಪಾಕ್ಸೈಡ್ ಮಾತ್ರೆಯ ಕಥೆಯೂ ಇದೇ. ಆ ಗುಂಪಿನವೇ ಆದ ಲೋರಾಜೆಪಾಮ್, ಆಕ್ಸಾಜೆಪಾಮ್ ಹೊರಹೋಗುವ ದಾರಿ ಬೇರೆ. ಲಿವರ್ ಕೆಟ್ಟರೂ ಆ ದಾರಿ ಜಾಸ್ತಿ ಮುಚ್ಚುವುದಿಲ್ಲ. ಹಾಗಂತ ಅವೂ ನಿದ್ದೆಗೆ ಸುಮ್ನೆ ಕೊಡುವ ಮಾತ್ರೆಗಳಲ್ಲ.

ಕುಡಿತ ದಿಢೀರ್ ನಿಲ್ಲಿಸಿ ಕೈ ನಡುಗುತ್ತಿರುವವರ ವಿಷಯ ಬೇರೆ. ಅವರಿಗೆ ಔಷಧಿ ಕೊಡದಿದ್ದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಅಲ್ಲಿ ನಾನು ಲೋರಾಜೆಪಾಮನ್ನೇ ಬಳಸುತ್ತೇನೆ. ಚಿಕ್ಕ ಡೋಸ್ ಕೊಟ್ಟು, ಹತ್ತಿರ ಕೂತು ನೋಡಿ, ಬೇಕಾದರೆ ಮಾತ್ರ ಮುಂದಿನ ಡೋಸ್.

ಈಗ ಲಿವರ್ ರೋಗಿ ಯಾರಾದರೂ ನಿದ್ದೆ ಇಲ್ಲ ಅಂದರೆ ಮೊದಲು ಕೈ ಚಾಚಿಸಿ, ಅಂಗೈ ಬಡಿದಾಡುತ್ತದೆಯೇ ನೋಡುತ್ತೇನೆ. ಆಮೇಲೆ ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಎಂದು ಕೇಳುತ್ತೇನೆ. ಓದು ಬಾರದ ರೈತರೂ ಹೇಳಬಲ್ಲರು, ಅದಕ್ಕೇ ನನಗೆ ಈ ಪರೀಕ್ಷೆ ಇಷ್ಟ. ಹಸು, ಎಮ್ಮೆ, ಕುರಿ, ನಾಯಿ ಅಂದು ಅಲ್ಲಿಗೇ ತಡವರಿಸಿದರೆ ನನ್ನ ಅನುಮಾನ ಗಟ್ಟಿಯಾಗುತ್ತದೆ. ಹತ್ತು ದಾಟದಿದ್ದರೆ ಎಚ್ಚರಿಕೆ ಬೇಕು. ಮಂಕು ಕವಿಯಲು ಕಾರಣ ಏನು ಎಂದು ಹುಡುಕುತ್ತೇನೆ: ಮಲಬದ್ಧತೆ ಇದೆಯೇ, ಸೋಂಕು ಇದೆಯೇ, ಒಳಗೆ ರಕ್ತ ಸೋರಿ ಮಲ ಕಪ್ಪಗೆ ಹೋಗುತ್ತಿದೆಯೇ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಷ್ಟು ಲ್ಯಾಕ್ಟುಲೋಸ್ ಕೊಡುತ್ತೇನೆ. ಎಷ್ಟೋ ಜನರಿಗೆ ಅದರಿಂದಲೇ ನಿದ್ದೆ ಸರಿಹೋಗಿದೆ.

ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿಯ ಮೇಲೆ ಕನ್ನಡದಲ್ಲಿ, ದೊಡ್ಡದಾಗಿ ಬರೆದು, ಓದಿ ಹೇಳುತ್ತೇನೆ: ನನ್ನನ್ನು ಕೇಳದೆ ನಿದ್ದೆ ಮಾತ್ರೆ ಬೇಡ. ಹಗಲು ತೂಕಡಿಕೆ ಜಾಸ್ತಿ ಆದರೆ ಅದೇ ದಿನ ಕರೆತನ್ನಿ.